ಕಾವಿ ಗೋಡೆಯ ಯಜಮಾನರನ್ನು ಹುಡುಕಿದ್ದು

ಪೇಂಟು ಕೊಡಿಸಿದವಳು ನಾನೇ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ.

ಹೊನ್ನಾವರದಲ್ಲಿ ನಮ್ಮ ಕೇರಿಯ ದೇವಿ ಗುಡಿಯ ಹೊರಗೋಡೆಯ ಮೇಲೆ ಕಾವಿ ಚಿತ್ರ ಇತ್ತು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಅದು ಹಸಿ ಇರುವಾಗಲೇ ಕಬ್ಬಿಣದ ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರಗೆ ತರುವ ಕೆಲಸ ಅದು. ಬಳ್ಳಿ, ಹೂವಿನ ಕುಂಡ, ಗಿಳಿ, ದೇವರು, ಎಲ್ಲ ಕೆಂಪು ಬಿಳಿ ಎರಡೇ ಬಣ್ಣದಲ್ಲಿ. ನಮ್ಮ ಕರಾವಳಿಯ ಹಳೆಯ ಗುಡಿಗಳಲ್ಲಿ, ಕೆಲವು ಮನೆಗಳಲ್ಲಿ ಈಗಲೂ ಕಾಣುತ್ತದೆ. ನಮ್ಮ ಗುಡಿಯದು ಮಾಸಿತ್ತು. ಮಗಳ ಹೆರಿಗೆ ಸಸೂತ್ರ ಆದರೆ ಗೋಡೆಗೆ ಬಣ್ಣ ಕೊಡಿಸುತ್ತೇನೆಂದು ನಾನು ಹರಕೆ ಹೊತ್ತೆ. ದೇವಿ ನಡೆಸಿಕೊಟ್ಟಳು, ನಾನೂ ನಡೆಸಿದೆ. ತಿಳಿ ಹಳದಿ ಆಯಿಲ್ ಪೇಂಟು, ಎರಡು ಕೋಟು. ಗುಡಿಗೆ ಕಳೆ ಬಂತು ಎಂದು ಎಲ್ಲರೂ ಹೊಗಳಿದರು. ನಾನು ಅದನ್ನು ನಂಬಿ ಆರು ವರ್ಷ ಸುಖವಾಗಿದ್ದೆ.

ಸುಣ್ಣದ ಗೋಡೆಗೆ ಉಸಿರಾಡಲಿಕ್ಕೆ ಬೇಕು, ಆಯಿಲ್ ಪೇಂಟು ಅದರ ಮೂಗು ಮುಚ್ಚುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಪ್ರತಿ ಮಳೆಗಾಲ ಒಂದಿಷ್ಟು ಗುಳ್ಳೆ ಎದ್ದವು. ಕಡೆಗೆ ಗಾರೆಯೇ ಚಕ್ಕೆಚಕ್ಕೆಯಾಗಿ ಬೀಳತೊಡಗಿತು. ಕಮಿಟಿಯವರು ಕುಮಟಾ ಕಡೆಯ ಒಬ್ಬ ಹಳೆಯ ಗಾರೆ ಕೆಲಸದವರನ್ನು ಕರೆಸಿದರು. ಎಪ್ಪತ್ತರ ಮೇಲಿನ ವಯಸ್ಸು, ಕಾವಿ ಬರೆಯಬಲ್ಲವರು. ನಾವೆಲ್ಲ ಅವರನ್ನು ಅಜ್ಜ ಎಂದೇ ಕರೆದೆವು. ಅವರು ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಕುಟ್ಟುತ್ತ, ಕಿವಿಯಿಟ್ಟು ಕೇಳುತ್ತ ಸುತ್ತು ಬಂದರು.

"ಇದ್ರ ಕೆಳಗೆ ಕಾವಿ ಇತ್ತಾ?"

"ಇತ್ತು" ಎಂದೆ.

"ಯಾವ ಪುಣ್ಯಾತ್ಮ ಇದ್ರ ಮೇಲೆ ಎಣ್ಣೆ ಬಣ್ಣ ಬಳ್ಸಿದ್ದು?"

ಕಮಿಟಿಯ ನಾಲ್ಕು ಜನ ಆಕಾಶ ನೋಡಿದರು. ಅದರಲ್ಲೇ ಒಬ್ಬರಾದ ನಮ್ಮನೆಯವರು ಚಪ್ಪಲಿ ನೋಡಿದರು. ನಾನು "ನಾನೇ ಅಜ್ಜ" ಎಂದೆ.

ಅವರು ನನ್ನನ್ನು ಬೈಯಲಿಲ್ಲ. ಒಂದು ಅಂಗೈಯಗಲ ಜಾಗವನ್ನು ಚಾಕುವಿನಿಂದ ಕೆರೆದು ತೋರಿಸಿದರು. ಹಳದಿಯ ಜೊತೆಗೇ ಕೆಂಪೂ ಎದ್ದು ಬಂತು.

"ಕಂಡ್ರಾ? ಇದು ಉಳೂದಲ್ಲ. ಎಲ್ಲ ತೆಗ್ದು ಹೊಸ್ತಾಗಿ ಗಾರೆ ಹಾಕಿ ಬರೀಬೇಕು. ಬರೀತೆ ನಾನು. ಆದ್ರೆ ನನ್ ಮನ್ಸಿಗೆ ಬಂದದ್ದು ಬರೆಯೂದಿಲ್ಲ. ಇಲ್ಲಿ ಎಂತ ಇತ್ತೋ ಅದನ್ನೇ ಬರೆಯೂದು. ಅದನ್ ತಂದ್ ಕೊಡಿ."

ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ಸುಣ್ಣದ ಕೆಲಸ ಮಳೆ ಬೀಳುವ ಮೊದಲು ಒಣಗಬೇಕು, ಆದ್ದರಿಂದ ಅಕ್ಷಯ ತೃತೀಯಾದ ಒಳಗೆ ನಕಲು ಕೈಗೆ ಬರಬೇಕು ಎಂದರು. ಕಮಿಟಿಯವರು ಆಗಲೇ ಇನ್ನೊಂದು ದಾರಿ ನೋಡಿಟ್ಟಿದ್ದರು. ಈ ವರ್ಷ ಆಗದಿದ್ದರೆ ಗೋಡೆಗೆ ಟೈಲ್ಸ್ ಅಂಟಿಸುವುದು. ತೊಳೆಯಲಿಕ್ಕೂ ಸುಲಭ ಎಂದು ಒಬ್ಬರು ಹೇಳಿದರು. ಆ ಮಾತು ಕೇಳಿ ನನಗೆ ಊಟ ಸೇರಲಿಲ್ಲ. ನಾನು ಮುಚ್ಚಿದ್ದನ್ನು ಇನ್ನೊಬ್ಬರು ಹೂತುಬಿಡುವವರಿದ್ದರು.

ಮೊದಲು ಕೇರಿಯ ಮದುವೆ ಆಲ್ಬಮ್ಮುಗಳನ್ನು ಹುಡುಕಿದೆ. ಗುಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಮದುಮಕ್ಕಳಿಲ್ಲ. ಹನ್ನೊಂದು ಮನೆಗಳಿಂದ ಆಲ್ಬಮ್ ತಂದು ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲದರಲ್ಲೂ ಮದುಮಗನ ಪೇಟದ ಮೇಲೆ ಒಂದು ಗೇಣು ಗೋಡೆ. ಅದರ ಕೆಳಗೆ ಬರೀ ನೆಂಟರು. "ನಮ್ ಜನ ದೇವ್ರ ಎದುರು ನಿಂತ್ರೂ ದೇವ್ರು ಕಾಣದ ಹಾಂಗೆ ನಿಲ್ತರೆ" ಎಂದರು ನಮ್ಮನೆಯವರು.

ದಾರಿ ತೋರಿಸಿದವರು ಗುಡಿಯ ಅರ್ಚಕರು. ಬಂದರದ ಕಡೆ ಹೋಗುವ ರಸ್ತೆಯಲ್ಲಿ ಪಾಳು ಬಿದ್ದ ಒಂದು ವ್ಯಾಪಾರಿ ಮನೆಯಿದೆ. ಅದರ ಮುಂಗೋಡೆಗೂ ನಮ್ಮ ಗುಡಿಗೂ ಬರೆದದ್ದು ಒಬ್ಬನೇ ಮನುಷ್ಯ, ಒಂದೇ ವರ್ಷ, ನಕ್ಷೆಯೂ ಒಂದೇ ಎಂದು ಅವರ ಅಜ್ಜ ಹೇಳುತ್ತಿದ್ದರಂತೆ. ಸಂಜೆಯೇ ಹೋಗಿ ಬೇಲಿಯ ಹೊರಗಿನಿಂದ ನೋಡಿದೆ. ಅಂಗಳದಲ್ಲಿ ಎದೆಯೆತ್ತರ ಗಿಡ. ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಆದರೆ ಜಗುಲಿಯ ಮಾಡಿನ ಕೆಳಗೆ, ನೆರಳಿನಲ್ಲಿ, ಆ ಗೋಡೆ. ಬಾಗಿಲ ಮೇಲೆ ಗಣಪತಿ, ಎರಡೂ ಕಡೆ ಹೂಕುಂಡ, ಕುಂಡದಿಂದ ಎದ್ದು ಮೂಲೆಯವರೆಗೂ ಹೋದ ಬಳ್ಳಿ. ಮದುವೆ ಆಲ್ಬಮ್ಮಿನ ಒಂದು ಗೇಣು ಇಲ್ಲಿ ಪೂರ್ತಿಯಾಗಿ ನಿಂತಿತ್ತು. ನನ್ನ ಕೈಗಳು ತಾವಾಗಿ ಜೋಡಿದವು.

"ಗೇಟಿಗೆ ಬೀಗ ಇಲ್ಲ, ಹಗ್ಗ ಕಟ್ಟಿದ್ದಷ್ಟೇ" ಎಂದರು ನಮ್ಮನೆಯವರು. "ಹೋಗಿ ತೆಕ್ಕಂಡು ಬಂದ್ರಾತು. ಯಾರು ಕೇಳ್ತರೆ?"

"ಕೇಳದೆ ಒಂದ್ ಗೋಡೆ ಮುಟ್ಟಿದ್ದು ಸಾಕು ನಂಗೆ" ಎಂದೆ.

ಅಜ್ಜ ಫೋಟೋಗೆ ಹೇಳಿದ ನಿಯಮಗಳೂ ಕದ್ದು ಮಾಡುವಂಥವಾಗಿರಲಿಲ್ಲ. ಗೋಡೆಗೆ ನೇರ ನಿಲ್ಲಬೇಕು. ಒಂದೊಂದು ಮೊಳದ ಚೌಕ ಮಾಡಿ ಪ್ರತಿಯೊಂದನ್ನೂ ಬೇರೆಬೇರೆ ತೆಗೆಯಬೇಕು. ಪ್ರತಿ ಫೋಟೋದಲ್ಲೂ ಅಳತೆಯ ಟೇಪು ಕಾಣಬೇಕು. ಫ್ಲ್ಯಾಶ್ ಹಾಕಬಾರದು. ಬಣ್ಣ ಎದ್ದು ಕಾಣಲಿ ಎಂದು ನೀರು ಚಿಮುಕಿಸಬಾರದು. ಇದಕ್ಕೆ ಅರ್ಧ ದಿನವಾದರೂ ಬೇಕಿತ್ತು.

ಪಂಚಾಯತ ಆಫೀಸಿನಲ್ಲಿ ಒಬ್ಬಳು ಹುಡುಗಿ ಕ್ಲಾರ್ಕ್ ಇದ್ದಳು. ಪಾಳುಮನೆಯ ಯಜಮಾನರ ಹೆಸರು ಬೇಕು ಎಂದರೆ ಮಾರುವ ಕೊಳ್ಳುವ ಜನ ಎಂದು ಅನುಮಾನ ಬರುವುದು ಸಹಜ. ನಾನು ಅರ್ಜಿಯಲ್ಲಿ ಪೇಂಟಿನ ಕತೆಯನ್ನೂ ಬರೆದಿದ್ದೆ. ಅವಳು ಓದಿ, ತುಟಿ ಕಚ್ಚಿ ನಗು ತಡೆದುಕೊಂಡು, "ಅಕ್ಕ, ಇಷ್ಟೆಲ್ಲ ಬರೀಬೇಕಂತಿಲ್ಲಾಗಿತ್ತು" ಎಂದಳು. ಮನೆಯ ನಂಬರ್ ನಮಗೆ ಗೊತ್ತಿರಲಿಲ್ಲ. ಗೋಡೆಯ ಮೇಲಿನದು ಅಳಿಸಿಹೋಗಿತ್ತು. ಅವಳು ಆಚೀಚೆಯ ಮನೆಗಳ ನಂಬರು ಹಿಡಿದು ನಡುವಿನದನ್ನು ಹುಡುಕಿದಳು. ಮಧ್ಯಾಹ್ನದ ಊಟದ ಹೊತ್ತು ಮೀರಿದರೂ ಏಳಲಿಲ್ಲ. ತೆರಿಗೆ ಪ್ರತಿ ವರ್ಷ ತಪ್ಪದೆ ಕಟ್ಟಿದ್ದರು. ಹೆಸರು ಒಬ್ಬ ವ್ಯಾಪಾರಿಯದು, ವಿಳಾಸ ಕುಮಟಾ. ಇಂಥ ಹುಡುಗಿ ಆ ಮೇಜಿನಲ್ಲಿ ಸಿಕ್ಕಿದ್ದು ದೇವಿಯ ದಯೆ ಎಂದುಕೊಂಡೆ.

ಮರುದಿನವೇ ಕುಮಟಾ ಬಸ್ಸು ಹತ್ತಿದೆ. ಆ ವ್ಯಾಪಾರಿ ತೀರಿಹೋಗಿ ಬಹಳ ವರ್ಷವಾಗಿತ್ತು. ಅವರ ತಮ್ಮ, ನಿವೃತ್ತ ಮಾಸ್ತರರು, ಪೇಟೆಯ ಹಿಂದಿನ ಓಣಿಯಲ್ಲಿದ್ದರು. ಮನೆಯಲ್ಲಿ ಕೊಂಕಣಿ ಆಡುವ ಜನ, ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಿದರು. ಗೋಡೆಯ ಸುದ್ದಿ ಎತ್ತಿದ್ದೇ ಅವರ ಹೆಂಡತಿ ಅಡುಗೆಮನೆಯಿಂದ ಬಂದು ಎದುರಿಗೇ ಕೂತರು.

"ನಾನು ಮದುವೆಯಾಗಿ ಬಂದದ್ದು ಆ ಮನೆಗೇ. ಎರಡು ವರ್ಷ ಇದ್ದೆ. ಈಗ ಬಾಡಿಗೆಯವರೂ ಬಿಟ್ಟು ಹೋಗಿದಾರೆ, ಅಲ್ವೇನ್ರೀ? ರಿಪೇರಿ ಮಾಡಿಸಿ ಅಂತ ಇವರಿಗೆ ಹೇಳಿ ಹೇಳಿ ಸಾಕಾಯ್ತು."

ಮಾಸ್ತರರು ಹೂಂ ಎಂದರು. ಕಾಗದ ತೆಗೆದು ಚೆಂದದ ಅಕ್ಷರದಲ್ಲಿ ಒಪ್ಪಿಗೆ ಬರೆದು, ಸಹಿ ಹಾಕಿ, ತಾರೀಕು ಹಾಕಿದರು. ಅವಲಕ್ಕಿ, ಕಾಫಿ ಆಯಿತು. ಇಷ್ಟು ಬೇಗ ಆಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟೂ ಸಿಕ್ಕಿತು.

ಎರಡು ದಿನ ಬಿಟ್ಟು ಮಧ್ಯಾಹ್ನ ಮೂರಕ್ಕೆ ಟ್ರೈಪಾಡು, ಟೇಪು, ನೂಲಿನ ಉಂಡೆ ಹಿಡಿದು ನಾವಿಬ್ಬರೂ ಆ ಮನೆಯ ಅಂಗಳಕ್ಕೆ ಇಳಿದೆವು. ನಮ್ಮನೆಯವರು ಕತ್ತಿಯಿಂದ ಗಿಡ ಸವರಿದರು. ನಾನು ಟ್ರೈಪಾಡು ನಿಲ್ಲಿಸಿ ಫೋನು ಸಿಕ್ಕಿಸಿದೆ. ಅಷ್ಟರಲ್ಲಿ ಎದುರು ಮನೆಯ ಹೆಂಗಸು, ಒಣಮೀನು ಮಾರುವವಳು, ಬೇಲಿಯ ಹತ್ತಿರ ಬಂದಳು.

"ಎಂತ ಅಮ್ಮ, ಮನೆ ತಕಂಡ್ರಾ?"

"ಇಲ್ಲ ಮಾರಾಯ್ತಿ. ಗೋಡೆದು ಪೋಟೋ ತೆಗೂಕೆ. ಯಜಮಾನ್ರ ಚೀಟಿ ಅದೆ."

"ಯಾವ ಯಜಮಾನ್ರು?"

"ಕುಮಟೆ ಮಾಸ್ತರ್ರು."

ಅವಳು ನಕ್ಕಳು. "ಅವ್ರು ಇಲ್ಲಿ ಕಾಲಿಟ್ಟದ್ದು ನಾ ಕಂಡದ್ದೇ ಇಲ್ಲ. ಈ ಮನೆ ಭಟ್ಕಳದವ್ರದ್ದು. ಮಳೆ ಮುಂಚೆ ವರ್ಷಾ ಹಂಚು ಕೈಯಾಡ್ಸೂಕೆ ಜನ ಕಳಸ್ತರೆ. ಮೇಲೆ ನೋಡಿ, ಒಂದ್ ಹಂಚಾದ್ರೂ ಒಡದದ್ಯಾ?"

ತಲೆ ಎತ್ತಿ ನೋಡಿದೆ. ಕಿಟಕಿಗೆ ಹಲಗೆ, ಅಂಗಳಕ್ಕೆ ಗಿಡ, ಆದರೆ ಮಾಡಿನ ಒಂದು ಹಂಚೂ ಸರಿದಿರಲಿಲ್ಲ. ಹಂಚಿನ ಮನೆಯಲ್ಲಿ ಮೂವತ್ತು ಮಳೆಗಾಲ ಕಳೆದ ನಾನು ಅದನ್ನು ಮೊದಲ ದಿನವೇ ನೋಡಬೇಕಿತ್ತು. ಯಾರೋ ಕಾಯುತ್ತಿರುವ ಮನೆ ಇದು. ಆ ಗೋಡೆ ಉಳಿದದ್ದೇ ಅದಕ್ಕೆ.

ಬೆಳಕು ಸರಿಯಾಗಿತ್ತು. ಜಗುಲಿಯ ನೆರಳು ಗೋಡೆಯ ಮೇಲೆ ಸಮನಾಗಿ ಬಿದ್ದಿತ್ತು. ಒಂಬತ್ತು ದಿನ ಉಳಿದಿದ್ದವು.

"ಚೀಟಿ ಕೈಯಲ್ಲೇ ಅದೆ. ತೆಗೆದ್ಬಿಡು" ಎಂದರು ನಮ್ಮನೆಯವರು, ಮೆಲ್ಲಗೆ.

"ಚೀಟಿ ಸುಳ್ಳು."

"ಸುಳ್ಳು ಬರೆದದ್ದು ಮಾಸ್ತರ್ರು. ನೀನಲ್ಲ."

"ಇಷ್ಟ್ ಹೊತ್ತು ನಂಗೆ ಗೊತ್ತಿಲ್ಲಾಗಿತ್ತು. ಈಗ ಗೊತ್ತಾತಲ್ಲ."

ಫೋನು ತೆಗೆದು ಟ್ರೈಪಾಡು ಮಡಚಿದೆ. ದೊಡ್ಡ ಧೈರ್ಯವೇನಲ್ಲ ಅದು. ದೇವಿಯ ಗೋಡೆಗೆ ಇನ್ನೊಮ್ಮೆ ತಪ್ಪು ದಾರಿಯಲ್ಲಿ ಸೇವೆ ಮಾಡಲಿಕ್ಕೆ ಹೆದರಿದೆ, ಅಷ್ಟೇ. ನಮ್ಮನೆಯವರು ಗೊಣಗಿದರು, ಆದರೆ ನೂಲಿನ ಉಂಡೆಯನ್ನು ಅವರೇ ಸುತ್ತಿಕೊಂಡರು.

ಮಾಸ್ತರರಿಗೆ ಫೋನ್ ಮಾಡಿದೆ. ಭಟ್ಕಳ ಎಂದದ್ದೇ ಅವರು, "ಒಂದು ನಿಮಿಷ" ಎಂದು ಹೊರಗೆ ನಡೆದದ್ದು ಕೇಳಿಸಿತು. ಬಾಗಿಲು ಹಾಕಿದ ಸದ್ದು.

"ತಂಗಿ, ಅದನ್ನು ಅಣ್ಣ ಮಾರಿದ. ನನ್ನ ಮಾಸ್ತರಿಕೆ ಟ್ರೇನಿಂಗು, ತಂಗಿಯರ ಮದುವೆ ಎಲ್ಲ ಆ ದುಡ್ಡಿನಲ್ಲೇ ಆದದ್ದು. ಬಾಡಿಗೆಗೆ ಕೊಟ್ಟಿದ್ದು ಅಂತ ನಮ್ಮ ಮನೆಯ ಹೆಂಗಸರಿಗೆ ಹೇಳಿದ. ನಾನೂ ಹಾಗೇ ಹೇಳಿಕೊಂಡು ಬಂದೆ. ಕೊಂಡವರು ಖಾತೆ ಬದಲಾಯಿಸಿಕೊಳ್ಳಲಿಲ್ಲ, ಅಣ್ಣನ ಹೆಸರಲ್ಲೇ ತೆರಿಗೆ ಕಟ್ಟುತ್ತ ಬಂದರು. ನೀವು ಕೇಳುವಾಗ ಇವಳು ಎದುರಿಗೇ ಕೂತಿದ್ದಳು. ಮಾರಿದ್ದು ಅನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ."

ನಾನು ಕೋಪ ಮಾಡಿಕೊಳ್ಳಬೇಕು ಎಂದುಕೊಂಡೇ ಫೋನ್ ಮಾಡಿದ್ದೆ. ಆಗಲಿಲ್ಲ.

"ಆ ಚೀಟಿ ಹರಿದುಬಿಡಿ" ಎಂದರು. "ಕೊಂಡವರು ಬಟ್ಟೆ ವ್ಯಾಪಾರದವರು. ಭಟ್ಕಳದ ಹತ್ತಿರ ಜಾಲಿ ಎಂಬ ಊರಲ್ಲಿದ್ದಾರೆ ಅಂತ ಕೇಳಿದ್ದೆ. ಒಳ್ಳೆಯ ಜನ. ಇವಳಿಗೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ."

ಚೀಟಿ ಹರಿದೆ. ಎದುರು ಮನೆಯವಳ ಹತ್ತಿರ ಹಂಚು ಕೈಯಾಡಿಸುವವನ, ಎಂದರೆ ಒಡೆದದ್ದು ತೆಗೆದು ಸರಿದದ್ದನ್ನು ಕೂಡಿಸುವವನ, ನಂಬರ್ ಇತ್ತು. ಅವನು ಭಟ್ಕಳದಿಂದಲೇ ಮಾತಾಡಿದ. ಮನೆಯ ಯಜಮಾನರು ತೀರಿಹೋಗಿದ್ದಾರೆ, ಈಗ ಮನೆ ಅವರ ಹೆಂಡತಿಯದು, ಆ ಅಮ್ಮನನ್ನು ಕೇಳದೆ ಅವರ ನಂಬರು ಕೊಡುವುದಿಲ್ಲ ಎಂದ. ಅವನ ಆ ನಿಯತ್ತು ನನಗೆ ಇಷ್ಟವಾಯಿತು, ಆದರೆ ದಿನ ಹೋಗುತ್ತಿತ್ತು. ಮರುದಿನ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ದೇವರ ಮುಂದೆ ದೀಪ ಹಚ್ಚುವಾಗಲೂ ಒಂದು ಕಿವಿ ಫೋನಿನ ಕಡೆಗೇ ಇತ್ತು. ಮೂರನೆಯ ದಿನ ಸಂಜೆ ಬಂತು. "ಮಂಗಳವಾರ ಹತ್ತು ಗಂಟೆಗೆ ಬರೂಕೆ ಹೇಳಿದ್ರು. ಪೋಟೋ ಅಂದ್ರೆ ಅಮ್ಮಂಗೆ ಸಿಟ್ಟು ಅದೆ. ನೋಡ್ಕಂಡು ಮಾತಾಡಿ."

ಮಂಗಳವಾರ ನನಗೆ ದೇವಿಯ ಉಪವಾಸ. ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ ಭಟ್ಕಳದಲ್ಲಿ ಬಸ್ಸು ಇಳಿದು, ರಿಕ್ಷಾದಲ್ಲಿ ಜಾಲಿಗೆ ಹೋದೆವು. ಹಂಚಿನವನು ದಾರಿಯಲ್ಲೇ ಕಾಯುತ್ತಿದ್ದು ಮನೆ ತೋರಿಸಿದ. ನಮ್ಮನೆಯವರು ಹೊರಗಿನ ಕೋಣೆಯಲ್ಲಿ ಕೂತರು. ನನ್ನನ್ನು ಸೊಸೆ ಒಳಗೆ ಕರೆದುಕೊಂಡು ಹೋದಳು. ಅಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಎರಡೂ ಮಂಡಿಗೆ ಪಟ್ಟಿ. ಸೊಸೆಯ ಹತ್ತಿರ ಭಟ್ಕಳದ ಮುಸ್ಲಿಮರ ನವಾಯತಿ ಮಾತಿನಲ್ಲಿ ಏನೋ ಹೇಳಿ ನನ್ನ ಕಡೆ ತಿರುಗಿದರು. ಕನ್ನಡ ನಮ್ಮ ಹೊನ್ನಾವರದ್ದೇ.

"ಯೂಟ್ಯೂಬಾ?"

"ಅಲ್ಲ ಅಮ್ಮ."

"ಹೋದ್ ವರ್ಷ ಯಾರೋ ಬೇಲಿ ಹಾರಿ ಬಂದು ತೆಗ್ದು, ಭೂತದ ಮನೆ ಅಂತ ಹಾಕಿದ್ರು. ನನ್ನ ಮೊಮ್ಮಗಳೇ ತೋರ್ಸಿದ್ಲು. ಆ ಮನೇಲಿ ಇಪ್ಪತ್ತೆರಡು ವರ್ಷ ಇದ್ದದ್ದು ನಾನು. ನಾನು ಭೂತನಾ?"

ನನಗೆ ನಗು ಬಂತು. ಅವರಿಗೂ ಸ್ವಲ್ಪ ಬಂತು, ಆದರೆ ಬಿಟ್ಟುಕೊಡಲಿಲ್ಲ.

"ಪೋಟೋ ತೆಗ್ದು ಎಂತ ಮಾಡ್ತ್ರಿ?"

ಗುಡಿಯ ಗೋಡೆಗೆ ನಕಲು ಬೇಕೆಂದೆ. ಅದೇ ನಕ್ಷೆ ನಮ್ಮಲ್ಲೂ ಇತ್ತೆಂದೆ.

"ಇತ್ತು ಅಂದ್ರೆ? ನಿಮ್ದು ಎಂತ ಆತು?"

ಮಳೆಗೆ ಹಾಳಾಯಿತು ಎನ್ನಬಹುದಿತ್ತು. ಅರ್ಧ ನಿಜವೂ ಆಗುತ್ತಿತ್ತು. ಹರಕೆ, ಪೇಂಟು, ಎರಡು ಕೋಟು, ಎಲ್ಲ ಹೇಳಿದೆ. ಅವರು ಕೇಳಿ ಮುಗಿಸಿ ಸೊಸೆಯ ಮುಖ ನೋಡಿದರು.

"ನಾವ್ ಆ ಮನೆಗೆ ಹೋದಾಗ ಸುಣ್ಣ ಬಳಿಯವ ಕೇಳಿದ, ಹೊರಗಿನ ಗೋಡೆಗೂ ಬಳೂದಾ ಅಂತ. ನಮ್ಮತ್ತೆ ಬಳೀಲಿ ಅಂದ್ರು. ಇವ್ರು ಬೇಡ ಅಂದ್ರು. ಯಾರೋ ತಿಂಗ್ಳಗಟ್ಲೆ ಕೂತು ಕೆರ್ದದ್ದು, ಅದ್ರ ಮೇಲೆ ಒಂದ್ ದಿನದಲ್ಲಿ ಬಳೂಕೆ ನಾವ್ಯಾರು ಅಂದ್ರು. ಅತ್ತೆಗೆ ಸಿಟ್ಟು ಬಂದು ನಾಲ್ಕು ದಿನ ಮಾತಾಡ್ಲಿಲ್ಲ. ನಾವು ನಮಾಜು ಹಿಂದಿನ ಕೋಣೇಲಿ ಮಾಡ್ತಿದ್ವು. ಅಲ್ಲಿ ತಂಪೂ ಇತ್ತು." ನನ್ನ ಕಡೆ ತಿರುಗಿ ಹೇಳಿದರು, "ನಿಮ್ಮ ದೇವ್ರನ್ನ ನಾವು ಇಟ್ಕಂಡ್ವು. ನೀವು ಬಳ್ದ್ರಿ."

ಹೀಯಾಳಿಸಿದ ದನಿಯಲ್ಲ ಅದು. ಲೆಕ್ಕ ಸರಿಯಾಗಿ ಹೇಳಿದ ದನಿ. ನಾನು "ಹೌದಮ್ಮ" ಎಂದೆ. ಆ ಮನುಷ್ಯರು ಬದುಕಿದ್ದಿದ್ದರೆ ಕಾಲಿಗೆ ಬೀಳಬೇಕು ಎನಿಸಿತು.

ಸೊಸೆ ತಟ್ಟೆ ತುಂಬ ತಿಂಡಿ ತಂದಳು. ಉಪವಾಸ ಎಂದೆ. ಅಮ್ಮ ಬೇಸರಿಸಲಿಲ್ಲ. ಹಿತ್ತಿಲಿನಿಂದ ಎಳನೀರು ತರಿಸಿ, ನನ್ನ ಎದುರಿಗೇ ಕೆತ್ತಿಸಿದರು.

"ಇದ್ನ ಕುಡೀರಿ. ಇದ್ರೊಳಗೆ ನಾವೆಂತ ಹಾಕೂಕೆ ಆತದೆ?"

ಕುಡಿದೆ. ಅಷ್ಟು ತಿಳಿದು ಉಪಚಾರ ಮಾಡಿದವರು ನಮ್ಮ ನೆಂಟರಲ್ಲೂ ಕಡಿಮೆ.

ಒಪ್ಪಿಗೆಯನ್ನು ಸೊಸೆ ಕನ್ನಡದಲ್ಲಿ ಬರೆದಳು. ಅಮ್ಮ ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿದರು. ಎರಡು ಷರತ್ತು. ಫೋಟೋ ಫೋನಿನಲ್ಲಿ ಊರಿಗೆಲ್ಲ ಹಂಚಬಾರದು. ತೆಗೆಯುವ ದಿನ ಅವರೂ ಅಲ್ಲಿರಬೇಕು.

"ಮಂಡಿ ನೋವು ಅಂತ ನಾಲ್ಕು ವರ್ಷ ಆತು ಹೋಗ್ದೆ. ಭೂತ ಇದ್ರೆ ಕಂಡ್ಕಂಡು ಬರ್ತೆ" ಎಂದರು.

ಗುರುವಾರ ಮಧ್ಯಾಹ್ನ ಕಾರಿನಲ್ಲಿ ಬಂದರು, ಸೊಸೆಯ ಜೊತೆ. ಎದುರು ಮನೆಯವಳು ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿಟ್ಟಳು. ಅಮ್ಮ ಅದರಲ್ಲಿ ಕೂತು ಗೋಡೆಯನ್ನು ಬಹಳ ಹೊತ್ತು ನೋಡಿದರು.

ಮೆತ್ತನೆಯ ಹೊಸ ಬ್ರಷ್ಷಿನಿಂದ ಧೂಳು, ಜೇಡರ ಬಲೆ ತೆಗೆದೆ. ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಜಗುಲಿಯ ಅಡ್ಡಮರದಿಂದ ಒಂದೊಂದು ಮೊಳಕ್ಕೆ ಒಂದರಂತೆ ನೂಲು ಇಳಿಬಿಟ್ಟು, ತುದಿಗೆ ಕಲ್ಲು ಕಟ್ಟಿದೆ. ಅಡ್ಡ ನೂಲುಗಳನ್ನು ಎರಡೂ ಕಡೆಯ ಕಂಬಕ್ಕೆ ಕಟ್ಟಿದೆ. ಚುಕ್ಕಿ ರಂಗೋಲಿ ಹಾಕಿದ ಕೈಗೆ ಈ ಚೌಕ ಹೊಸದಲ್ಲ. ಮೇಲಿನಿಂದ ಕೆಳಕ್ಕೆ ಐದು ಸಾಲು, ಪ್ರತಿ ಸಾಲಿಗೆ ಒಂಬತ್ತು ಮನೆ. ಸಾಲಿಗೆ ಅಕ್ಷರ, ಮನೆಗೆ ಅಂಕಿ. ಸೊಸೆ ವಹಿಯಲ್ಲಿ ಬರೆದುಕೊಂಡಳು. ನಮ್ಮನೆಯವರು ಟೇಪು ಹಿಡಿದರು. ಜಗುಲಿಯ ಮೂಲೆಯಲ್ಲಿ ಬೆಳಕು ಸಾಲದೆ ಬಂದಾಗ ಬಿಳಿ ಥರ್ಮಾಕೋಲ್ ಹಾಳೆಯಿಂದ ಬಿಸಿಲನ್ನು ತಿರುಗಿಸಬೇಕಿತ್ತು. ಆ ಹಾಳೆಯನ್ನು ಅಮ್ಮ ಕೂತಲ್ಲೇ ಹಿಡಿದರು.

"ಇನ್ನೂ ಮೇಲಾ?"

"ಸ್ವಲ್ಪ ಎಡಕ್ಕೆ ಅಮ್ಮ."

"ಇದ್ಕೂ ಒಂದ್ ಪಗಾರ ಇಡಿ ನಂಗೆ."

ಒಂದೊಂದು ಮನೆಗೆ ಎರಡೆರಡು ಫೋಟೋ. ಪ್ರತಿಸಲ ಫೋನಿನ ಗೆರೆ ಗೋಡೆಯ ಗೆರೆಗೆ ಕೂಡಬೇಕು. ಹತ್ತಿರದಿಂದ ನೋಡುವಾಗಲೇ ನನಗೆ ಬರೆದವನ ಕೈ ಗೊತ್ತಾದದ್ದು. ಬಳ್ಳಿಯ ಒಂದೊಂದು ಎಲೆಯೂ ಒಂದೇ ಎಳೆತದಲ್ಲಿ ಬಂದಿತ್ತು. ಎಲ್ಲಿಯೂ ತಿದ್ದಿರಲಿಲ್ಲ. ಇಂಥ ಕೆಲಸದ ಮೇಲೆ ನಾನು ಎರಡು ಕೋಟು ಹಾಕಿಸಿದ್ದೆ.

ಕಡೆಯ ಸಾಲಿಗೆ ಬಂದಾಗ ಎಡಗಡೆಯ ಮೂಲೆಯಲ್ಲಿ ಗಿಡದ ಮರೆಯಲ್ಲಿದ್ದ ಜಾಗ ಕಂಡಿತು. ನೆಲದ ತೇವ ಏರಿ ಅಲ್ಲಿನ ಗಾರೆ ಪೂರ್ತಿ ಉದುರಿ ಕಲ್ಲು ಕಾಣುತ್ತಿತ್ತು. ಎರಡು ಚೌಕ ಖಾಲಿ. ನಮ್ಮ ಗುಡಿಯಲ್ಲಿ ಆ ಮೂಲೆ ಪೇಂಟಿಗೆ ಮೊದಲೇ ಮಾಸಿಹೋಗಿತ್ತು, ಅಲ್ಲಿ ಏನಿತ್ತೆಂದು ನನಗೆ ನೆನಪಿರಲಿಲ್ಲ. ಇದಿಲ್ಲದೆ ಅಜ್ಜ ಬರೆಯುತ್ತಾರೋ ಇಲ್ಲವೋ. ಇದ್ದದ್ದನ್ನೇ ಬರೆಯುತ್ತೇನೆ ಎಂದ ಮನುಷ್ಯ ಅವರು.

"ಎಂತ ಆತು?" ಎಂದರು ಅಮ್ಮ.

"ಇಲ್ಲಿ ಎಂತ ಇತ್ತೋ ಹೋಗಿದೆ ಅಮ್ಮ."

"ಅಲ್ಲಿ ಹಕ್ಕಿ ಇತ್ತು. ಮೂರು. ನಾ ದಿನಾ ಬೆಳಿಗ್ಗೆ ಅಲ್ಲೇ ಕೂತು ಅಕ್ಕಿ ಆರಿಸ್ತಿದ್ದದ್ದು" ಎಂದು ಹಾಳೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

ಪ್ರಿಂಟು ಹಾಕಿಸಿ ಅಜ್ಜನಿಗೆ ಕೊಟ್ಟದ್ದು ಅಕ್ಷಯ ತೃತೀಯಾದ ಹಿಂದಿನ ದಿನ. ಗುಡಿಯ ನೆಲದ ಮೇಲೆ ಸಾಲುಸಾಲಾಗಿ ಜೋಡಿಸಿದೆವು. ಅಜ್ಜ ಮಂಡಿಯೂರಿ ಒಂದು ತುದಿಯಿಂದ ಇನ್ನೊಂದು ತುದಿಗೆ ತೆವಳುತ್ತ ನೋಡಿದರು. "ಕೈ ಅಂದ್ರೆ ಇದು" ಎಂದರು. ಟೈಲ್ಸ್ ಎಂದಿದ್ದ ಕಮಿಟಿಯವರೂ ಬಗ್ಗಿ ನೋಡಿ, ಮತ್ತೆ ಆ ಮಾತು ಎತ್ತಲಿಲ್ಲ. ಖಾಲಿ ಮೂಲೆಯ ವಿಷಯ ಹೇಳಿದೆ. ಅಜ್ಜ ಯೋಚಿಸಿದರು. "ಮೂರ್ ಹಕ್ಕಿ ಅಂದ್ರೆ ಸಾಲ್ದು. ಹೆಂಗಿತ್ತು ಹೇಳೂಕೆ ಆ ಅಮ್ಮ ಇರ್ಬೇಕು ನಾ ಬರೆಯೂವಾಗ."

ಕೆಲಸ ಶುರುವಾಯಿತು. ನನ್ನ ಹಳದಿಯನ್ನೆಲ್ಲ ಕೆತ್ತಿ ತೆಗೆಯುವಾಗ ನಾನೂ ಒಂದು ಕತ್ತಿ ಹಿಡಿದೆ, ಅಜ್ಜ ಬೇಡ ಎನ್ನಲಿಲ್ಲ. ಸುಣ್ಣ ಅರೆದರು, ಗಾರೆ ಎಳೆದರು, ದಿನಕ್ಕೆ ಬರೆಯುವಷ್ಟು ಜಾಗಕ್ಕೆ ಮಾತ್ರ ಕೆಂಪು ಬಳಿದು, ಹೊಳೆಯ ಕಲ್ಲಿನಿಂದ ತಿಕ್ಕಿ, ಕೆರೆಯುತ್ತ ಬಂದರು. ಆಕಾಶದಲ್ಲಿ ಮೋಡ ಆಡುತ್ತಿತ್ತು, ಆದರೆ ಮಳೆ ಬೀಳಲಿಲ್ಲ. ಆ ಪ್ರತಿಯೊಂದು ಒಣದಿನವನ್ನೂ ನಾನು ದೇವಿಯ ಲೆಕ್ಕಕ್ಕೇ ಬರೆದುಕೊಂಡೆ.

ಕಡೆಗೆ ಉಳಿದದ್ದು ಆ ಮೂಲೆ. ಅಮ್ಮನಿಗೆ ಮಂಡಿ ನೋವು ಹೆಚ್ಚಾಗಿ ಬರಲಿಕ್ಕೆ ಆಗಿರಲಿಲ್ಲ. ವಿಡಿಯೋ ಕಾಲ್ ಮಾಡುವುದೆಂದು ಸೊಸೆಯ ಜೊತೆ ಮಾತಾಗಿತ್ತು. ಅಜ್ಜ ಕೆಂಪು ಬಳಿದು ಮುಗಿಸಿದರು. ನಾನು ಫೋನ್ ಮಾಡಿದೆ. ಸೊಸೆ ಎತ್ತಿದಳು.

"ಅತ್ತೆ ಈಗ ನಮಾಜಿಗೆ ಕೂತ್ರು. ಹತ್ತು ನಿಮಿಷ."

"ಬಣ್ಣ ಒಣಗ್ತದೆ" ಎಂದೆ ಅಜ್ಜನಿಗೆ.

"ಒಣಗ್ಲಿಕ್ಕೆ ಬಿಡೂದಿಲ್ಲ. ಅವ್ರು ಪ್ರಾರ್ಥನೆ ಮುಗಿಸ್ಲಿ" ಎಂದು ಅಜ್ಜ ಗೋಣಿಚೀಲ ಒದ್ದೆ ಮಾಡಿ, ಹಿಂಡಿ, ಗೋಡೆಗೆ ತಾಗದಂತೆ ಮುಂದೆ ಇಳಿಬಿಟ್ಟರು. ಸೀಮೆಸುಣ್ಣದಿಂದ ನೆಲದ ಮೇಲೆ ಮೂರು ಹಕ್ಕಿ ಬರೆದರು. ಒಂದರ ಹಿಂದೆ ಒಂದು, ಎಲ್ಲ ಒಂದೇ ಕಡೆ ಮುಖ ಮಾಡಿ. ನಾವು ಕೂತು ಕಾದೆವು. ಹತ್ತು ನಿಮಿಷ ಹದಿನೈದಾಯಿತು. ಅಜ್ಜ ಎರಡು ಸಲ ಗೋಣಿಗೆ ನೀರು ಚಿಮುಕಿಸಿದರು.

ಫೋನು ಬಂತು. ಅಮ್ಮನ ಮುಖ ತುಂಬ ಹತ್ತಿರ ಕಂಡಿತು, ಸೊಸೆ ಫೋನನ್ನು ಹಿಂದಕ್ಕೆ ಹಿಡಿದಳು. ನಾನು ನೆಲದ ಚಿತ್ರ ತೋರಿಸಿದೆ.

"ಅಲ್ಲ" ಎಂದರು. "ನಡುವಿನದ್ದು ಹಿಂದೆ ನೋಡ್ತದೆ."

ಅಜ್ಜ ಅಂಗೈಯಿಂದ ಒಂದು ಕುತ್ತಿಗೆ ಒರೆಸಿದರು. ಹಿಂದಕ್ಕೆ ತಿರುಗಿಸಿ ಬರೆದರು.

"ಅಷ್ಟಲ್ಲ. ಕುತ್ತಿಗೆ ಮುರದಂಗೆ ಕಾಣ್ತದೆ."

"ಮತ್ತೆಷ್ಟು ಅಮ್ಮ?" ಅಜ್ಜ ಮೊದಲ ಸಲ ಫೋನಿನ ಕಡೆ ತಿರುಗಿ ಕೇಳಿದರು.

ಅಮ್ಮ ಯೋಚಿಸಿದರು. "ಹಿಂದಿನದ್ದು ಬರ್ತದೋ ಇಲ್ವೋ ಅಂತ ನೋಡೂವಷ್ಟು."

ಅಜ್ಜ ಸೀಮೆಸುಣ್ಣ ಹಿಡಿದ ಕೈಯನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಇಟ್ಟುಕೊಂಡರು. ಆಮೇಲೆ ಒಂದೇ ಎಳೆತದಲ್ಲಿ ಎಳೆದರು. ನಾನು ಫೋನನ್ನು ನೆಲದ ಹತ್ತಿರ ಹಿಡಿದೆ. ಜಾಲಿಯ ಆ ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು.

"ಆತು" ಎಂದರು ಅಮ್ಮ. "ಅದೇ."

ಅಜ್ಜ ಗೋಣಿ ಸರಿಸಿ, ಮೊನೆ ಎತ್ತಿಕೊಂಡು ಗೋಡೆಯ ಮುಂದೆ ಕೂತರು. ಕೆಂಪು ಇನ್ನೂ ಹಸಿಯಾಗಿತ್ತು.